ಹೆಸರು ಬಿಡುವ ತೋಟ

ಆ ಊರಿನಲ್ಲಿ ಸತ್ತವರನ್ನು ಹೊಳೆಯ ದಂಡೆಗೆ ಒಯ್ಯುತ್ತಿದ್ದರು. ಅವರ ಹೆಸರನ್ನು ವಾಡೆಯ, ಎಂದರೆ ಹಳೆಯ ಒಡೆಯರ ದೊಡ್ಡಮನೆಯ, ತೋಟಕ್ಕೆ ಒಯ್ಯುತ್ತಿದ್ದರು. ಮೊದಲಿನದು ಅಂದೇ ಆಗಬೇಕು. ಎರಡನೆಯದಕ್ಕೆ ವರ್ಷ ತುಂಬುವ ತನಕ ಪುರುಸೊತ್ತು. ಹೊಳೆಯ ದಂಡೆಗೆ ಗಂಡಸರು ಮಾತ್ರ ಹೋಗುತ್ತಿದ್ದರು, ತಲೆ ತಗ್ಗಿಸಿಕೊಂಡು. ವಾಡೆಗೆ ಮನೆಮಂದಿಯೆಲ್ಲ ಹೋಗುತ್ತಿದ್ದರು, ಪೆಟ್ಟಿಗೆಯಲ್ಲಿ ಮಡಿಚಿಟ್ಟ ಬಟ್ಟೆ ತೆಗೆದುಟ್ಟು, ಬುತ್ತಿ ಕಟ್ಟಿಕೊಂಡು, ಮಕ್ಕಳ ಜಡೆಗೆ ಹೂ ಮುಡಿಸಿ. ದಾರಿಯಲ್ಲಿ ಸಿಕ್ಕವರು ಎಲ್ಲಿಗೆ ಎಂದು ಕೇಳಿದರೆ ವಾಡೆ ನೋಡೋಕೆ ಎನ್ನಬೇಕು. ಕೇಳಿದವರು ಚೆನ್ನಾಗಿ ನೋಡಿಕೊಂಡು ಬನ್ನಿ ಎನ್ನಬೇಕು. ಅದಕ್ಕಿಂತ ಹೆಚ್ಚಿನ ಮಾತು ಆಡುವ ರೂಢಿ ಇರಲಿಲ್ಲ.

ತೋಟದ ಮಣ್ಣಿಗೆ ಬಾಯಿಟ್ಟು ಸತ್ತವರ ಹೆಸರು ಹೇಳಿದರೆ ಹೆಸರು ಮಣ್ಣಿಗೆ ಇಳಿಯುತ್ತಿತ್ತು. ಹೇಳಿದವರ ಬಾಯಿಗೆ ಅದು ತಾನಾಗಿ ಮತ್ತೆ ಬರುತ್ತಿರಲಿಲ್ಲ. ಹೆಸರಿನ ಹಿಂದೆ ಮುಖ ಹೋಗುತ್ತಿತ್ತು, ಮುಖದ ಹಿಂದೆ ದನಿ, ದನಿಯ ಹಿಂದೆ ನಡಿಗೆ. ದಾರ ಎಳೆದುಕೊಂಡ ಮಾಲೆಯ ಹೂವಿನ ಹಾಗೆ ಉಳಿದದ್ದೆಲ್ಲ ತಾನಾಗಿ ಉದುರಿ ಹೋಗುತ್ತಿತ್ತು. ಮನೆಯವರು ಬಿಟ್ಟರೆ ಊರೂ ಬಿಟ್ಟಂತೆ. ಹೆಸರಿನ ಬೇರು ಇರುವುದು ಮನೆಯಲ್ಲಿ, ಊರವರ ಬಾಯಲ್ಲಿ ಇರುವುದು ಬರೀ ಎಲೆ, ಬೇರು ಕಿತ್ತ ಮೇಲೆ ಎಲೆ ಎಷ್ಟು ಹೊತ್ತು ಹಸಿರಾಗಿದ್ದೀತು ಎಂದು ಹಿರಿಯರು ಹೇಳುತ್ತಿದ್ದರು. ಬಿಡದೆ ಮುಚ್ಚಿಟ್ಟುಕೊಂಡವರ ಬಾಯಲ್ಲಿ ಅನ್ನ ಮಣ್ಣಾಗುತ್ತದೆ ಎಂಬ ಮಾತೂ ಇತ್ತು. ಹಾಗಾದವರನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಆದರೆ ಪರೀಕ್ಷೆ ಮಾಡಿ ನೋಡುವ ಗೋಜಿಗೂ ಯಾರೂ ಹೋಗಿರಲಿಲ್ಲ. ಆ ಊರಿನಲ್ಲಿ ಯಾರೂ ಹೆಚ್ಚು ದಿನ ಅಳುತ್ತಿರಲಿಲ್ಲ.

ಅಂಥ ಊರಿಗೆ ಹೊಳೆಯಾಚೆಯಿಂದ ಒಬ್ಬಳು ಎರಡನೆಯ ಹೆಂಡತಿಯಾಗಿ ಬಂದಳು. ಮೊದಲನೆಯವಳು ಸತ್ತು ಒಂದು ಮಳೆಗಾಲ ಕಳೆದಿತ್ತು. ಒಲೆ ಹಚ್ಚಲು ಒಂದು ಕೈ ಬೇಕು, ಮೊಮ್ಮಗಳ ತಲೆ ಬಾಚಲು ಒಂದು ಕೈ ಬೇಕು ಎಂದು ಅತ್ತೆ ಹೋಗಿ ಕೇಳಿದಳು, ಇವಳ ಅಪ್ಪ ಕೊಟ್ಟ. ಮದುವೆಯ ದಿನ ಮೊರದ ಅಕ್ಕಿಯಲ್ಲಿ ಬರೆದು ಸೊಸೆಗೆ ಹೆಸರು ಇಡುವುದು ಆ ಮನೆಯ ಪದ್ಧತಿ. ಆದರೆ ಮನೆಯಲ್ಲಿ ಇನ್ನೂ ಒಂದು ಹೆಸರು ಕೂತಿದೆ, ಅದು ಎದ್ದು ಹೋಗದೆ ಇನ್ನೊಂದನ್ನು ಕೂರಿಸುವುದು ಹೇಗೆ ಎಂದು ಅತ್ತೆ ತಡೆದಳು. ತವರಿನ ಹೆಸರಿನಿಂದಲೂ ಯಾರೂ ಕರೆಯಲಿಲ್ಲ. ಹೊಸಬಳು ಎಂದರು. ಹೊಸಬಳು ನೀರು ತಂದಳೇ, ಹೊಸಬಳು ಉಂಡಳೇ. ಅದೇ ರೂಢಿಯಾಯಿತು.

ಹೊಸಬಳಿಗೆ ಅದರಿಂದ ದುಃಖವಾಗಲಿಲ್ಲ. ಸುಖವೂ ಇರಲಿಲ್ಲ. ಬೆಳಿಗ್ಗೆ ಏಳುತ್ತಿದ್ದಳು, ನೀರು ಸೇದುತ್ತಿದ್ದಳು, ರೊಟ್ಟಿ ಬಡಿಯುತ್ತಿದ್ದಳು, ರಾತ್ರಿ ಮಲಗುತ್ತಿದ್ದಳು. ಉಪ್ಪು ಹೆಚ್ಚಾಯಿತು ಎಂದು ಅತ್ತೆ ಹೇಳಿದರೆ ಹೌದೇನೋ ಎಂದು ತಾನೂ ಒಂದು ತುತ್ತು ತಿಂದು ನೋಡುತ್ತಿದ್ದಳು. ನಾಲಿಗೆಗೆ ಏನೂ ತಿಳಿಯುತ್ತಿರಲಿಲ್ಲ. ಹಂಚು ತಾಕಿ ಕೈಯಲ್ಲಿ ಬೊಬ್ಬೆ ಎದ್ದದ್ದನ್ನು ಮರುದಿನ ನೋಡುತ್ತಿದ್ದಳು. ಗಂಡ ಒಳ್ಳೆಯವನೇ. ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಪಕ್ಕದಲ್ಲಿ ಮಲಗಿ ಕಣ್ಣು ಬಿಟ್ಟುಕೊಂಡು ಜಂತೆ ನೋಡುತ್ತಿದ್ದ.

ಸತ್ತವಳು ಎತ್ತರದ ಹೆಂಗಸಾಗಿದ್ದಿರಬೇಕು. ಅಡಿಗೆಮನೆಯ ಗೂಟ, ನೆಲುವು, ಉಪ್ಪಿನಕಾಯಿ ಜಾಡಿ ಇಟ್ಟ ಹಲಗೆ, ಎಲ್ಲವೂ ಹೊಸಬಳ ಕೈಗೆ ಒಂದು ಗೇಣು ಮೇಲೆಯೇ ಇದ್ದವು. ಇಳಿಸಿ ಕೊಡಿ ಎಂದು ಅವಳು ಕೇಳಲಿಲ್ಲ, ಇಳಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ದಿನವೂ ತುದಿಗಾಲಲ್ಲಿ ನಿಂತು ಮುಟ್ಟುತ್ತಿದ್ದಳು. ಬಿಡಬೇಕಾದ ಹೆಸರನ್ನು ಹೊಸಬರ ಕಿವಿಗೆ ಹಾಕಬಾರದು, ಹಾಕಿದರೆ ಅಲ್ಲಿ ಹೊಸದಾಗಿ ಬೇರು ಬಿಡುತ್ತದೆ ಎಂಬುದು ನಿಯಮ. ಹಾಗಾಗಿ ಇವಳು ಒಳಗೆ ಕಾಲಿಟ್ಟರೆ ಸಾಕು, ಮಾತು ನಡುವೆ ತುಂಡಾಗುತ್ತಿತ್ತು. ತುಂಡಾದ ಜಾಗದಲ್ಲಿ ಒಂದು ಹೆಸರು ಇದೆ ಎಂಬುದಷ್ಟೇ ಅವಳಿಗೆ ಗೊತ್ತಾಗುತ್ತಿತ್ತು.

ಮಗಳೊಬ್ಬಳಿದ್ದಳಲ್ಲ, ಹಾಲುಹಲ್ಲು ಬೀಳುವ ವಯಸ್ಸಿನ ಹುಡುಗಿ, ಅವಳು ಹೊಸಬಳನ್ನು ಏನೆಂದೂ ಕರೆಯುತ್ತಿರಲಿಲ್ಲ. ಬೇಕಾದಾಗ ಬಂದು ಎದುರು ನಿಲ್ಲುತ್ತಿದ್ದಳು. ಹೊಸಬಳು ಬಾಚಣಿಗೆ ತೆಗೆದುಕೊಂಡರೆ ಬೆನ್ನು ತಿರುಗಿಸಿ ಕೂರುತ್ತಿದ್ದಳು. ಇಬ್ಬರ ನಡುವೆ ಜಗಳವೂ ಇರಲಿಲ್ಲ, ಮಾತೂ ಇರಲಿಲ್ಲ.

ವರ್ಷ ತುಂಬಲು ಬಂತು. ಒಂದು ಸಂಜೆ ಅತ್ತೆ, ನಾಳೆ ವಾಡೆ ನೋಡೋಕೆ ಹೋಗೋಣ ಎಂದಳು. ಗಂಡ ಹೂಂ ಎಂದ. ಹುಡುಗಿ ನಾನು ಬರಲ್ಲ ಎಂದಳು. ಅಜ್ಜಿ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಸಮಾಧಾನದಿಂದ ತಿಳಿಸಿ ಹೇಳಿದಳು: ಹೊಟ್ಟೆ ಕೆಟ್ಟಾಗ ವಾಂತಿಯಾದ ಮೇಲೆ ಹೇಗೆ ಹಗುರಾಗುತ್ತೋ ಹಾಗಾಗುತ್ತೆ, ಅಲ್ಲಿ ಉಯ್ಯಾಲೆ ಇದೆ, ಕೊಳದಲ್ಲಿ ಮೀನು ಇವೆ, ಮಂಡಕ್ಕಿ ಹಾಕಿದರೆ ಮೇಲೆ ಬಂದು ತಿನ್ನುತ್ತವೆ. ಹುಡುಗಿ ತೊಡೆಯಿಂದ ಇಳಿದು ಹೋದಳು.

ಬೆಳಿಗ್ಗೆ ಹೊಸಬಳು ಬುತ್ತಿ ಕಟ್ಟಿದಳು. ರೊಟ್ಟಿ, ಮೊಸರನ್ನ, ಹುರಿದ ಶೇಂಗಾದ ಚಟ್ನಿಪುಡಿ. ತುದಿಗಾಲಲ್ಲಿ ನಿಂತು ಹಲಗೆಯ ಮೇಲಿನ ಜಾಡಿ ಇಳಿಸಿ, ತಳದಲ್ಲಿ ಉಳಿದಿದ್ದ ಮಾವಿನಕಾಯಿ ಉಪ್ಪಿನಕಾಯಿಯನ್ನೆಲ್ಲ ಬಳಿದು ಎಲೆಯಲ್ಲಿ ಕಟ್ಟಿದಳು. ಕಮಾನಿನ ಗಾಡಿಯಲ್ಲಿ ನಾಲ್ವರೂ ಹೊರಟರು. ಎಲ್ಲಿಗೆ ಎಂದು ಕೇಳಿದವರಿಗೆ ವಾಡೆ ನೋಡೋಕೆ ಎಂದರು. ಕೇಳಿದವರು ಚೆನ್ನಾಗಿ ನೋಡಿಕೊಂಡು ಬನ್ನಿ ಎಂದರು.

ವಾಡೆ ಊರಿಗಿಂತ ಹಳೆಯದು. ಆನೆ ಹೊಗುವಷ್ಟು ಎತ್ತರದ ಬಾಗಿಲು, ಬಾಗಿಲ ಬಳಿ ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಬಾಗಿಲವಳು ಕೂತಿದ್ದಳು. ಅವಳ ವಯಸ್ಸು ಹೇಳುವಂತಿರಲಿಲ್ಲ. ಬಂದ ಮನೆಯವರಿಗೆಲ್ಲ ಅವಳು ಒಂದೇ ಕಥೆಯನ್ನು ಒಂದೇ ದನಿಯಲ್ಲಿ ಹೇಳುತ್ತಿದ್ದಳು. ಈ ವಾಡೆ ಕಟ್ಟಿಸಿದ ಒಡೆಯನಿಗೆ ಒಬ್ಬ ಹೆಂಡತಿ ಇದ್ದಳು. ಅವಳು ಸತ್ತಳು. ಒಡೆಯ ಅವಳ ಹೆಸರು ಹಿಡಿದು ಕೂಗತೊಡಗಿದ. ಹಗಲು ಕೂಗಿದ, ಇರುಳು ಕೂಗಿದ. ಅವನ ಕೂಗಿಗೆ ನೇಗಿಲು ಹಿಡಿದವರು ನಿಂತರು, ತೊಟ್ಟಿಲು ತೂಗುವವರು ನಿಂತರು, ಊರಲ್ಲಿ ಒಂದು ಕೆಲಸವೂ ಮುಂದೆ ಹೋಗದಾಯಿತು. ಕೊನೆಗೆ ಒಡೆಯ ದಣಿದು ತೋಟದಲ್ಲಿ ಬೋರಲು ಬಿದ್ದ, ಬಿದ್ದಲ್ಲೇ ಮಣ್ಣಿಗೆ ಬಾಯಿ ತಾಗಿಸಿ ಒಮ್ಮೆ ಕೂಗಿದ. ಎದ್ದು ಕೂತು, ಹಸಿವಾಗಿದೆ ಎಂದ. ಆಮೇಲೆ ಬಹಳ ಕಾಲ ಸುಖವಾಗಿ ಬದುಕಿದ. ಅವಳ ಹೆಸರು ಏನಂತೆ ಎಂದು ಯಾರಾದರೂ ಕೇಳಿದರೆ ಬಾಗಿಲವಳು ನಗುತ್ತಿದ್ದಳು. ಒಡೆಯನ ಹೆಸರೂ ಯಾರಿಗೂ ಗೊತ್ತಿರಲಿಲ್ಲ.

ಮೊದಲು ಮನೆ ನೋಡಬೇಕು, ಆಮೇಲೆ ತೋಟ. ಒಳಗೆ ಬೇರೆ ಬೇರೆ ಮನೆಗಳವರು ತುಂಬಿದ್ದರು. ಎಲ್ಲರೂ ಪೆಟ್ಟಿಗೆಯ ಬಟ್ಟೆ ಉಟ್ಟಿದ್ದರು, ಎಲ್ಲರಿಂದಲೂ ನುಸಿಗುಳಿಗೆಯ ವಾಸನೆ ಬರುತ್ತಿತ್ತು. ನಡುಮನೆಯ ಕರಿಮರದ ಕಂಬಗಳನ್ನು ನೋಡಿ ಎಷ್ಟು ಚೆನ್ನಾಗಿದೆ ಎಂದರು. ಕಂಬಗಳ ಮೇಲೆ ಕೊರೆದ ಗಿಳಿಗಳನ್ನು ನೋಡಿ ಎಷ್ಟು ಚೆನ್ನಾಗಿದೆ ಎಂದರು. ಒಡತಿಯ ತೂಗುಮಂಚ, ಒಡತಿಯ ಬಾಚಣಿಗೆ, ಒಡತಿ ನೀರು ಕುಡಿದ ಹಿತ್ತಾಳೆ ಚೊಂಬು, ಎಷ್ಟು ಚೆನ್ನಾಗಿದೆ, ಎಷ್ಟು ಚೆನ್ನಾಗಿದೆ. ಗಂಡನೂ ಎಂದ, ಅತ್ತೆಯೂ ಎಂದಳು. ಹೊಸಬಳೂ ಎಂದಳು, ಎಲ್ಲರೂ ಎನ್ನುತ್ತಿದ್ದಾರೆಂದು. ಒಂದು ಮನೆಯ ಮುದುಕ ಮಾತ್ರ ಒಂದು ಕಂಬವನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ನಿಂತಿದ್ದ. ಅವನ ಮಕ್ಕಳು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ನಡಿಯಪ್ಪ ಹೊತ್ತಾಯ್ತು ಎಂದು ತೋಟದ ಕಡೆ ಕರೆದೊಯ್ದರು.

ಮಹಡಿಯಲ್ಲಿ ಒಡತಿಯ ಕನ್ನಡಿಯ ಕೋಣೆ. ಆಳೆತ್ತರದ ಕನ್ನಡಿ ಮಸುಕಾಗಿ ಹೋಗಿತ್ತು. ಎದುರು ನಿಂತವರ ಮುಖ ನೀರೊಳಗಿನ ಕಲ್ಲಿನ ಹಾಗೆ ಕಾಣುತ್ತಿತ್ತು. ಗಂಡ ಮತ್ತು ಅತ್ತೆ ಪಕ್ಕದ ಕೋಣೆಯ ತೊಟ್ಟಿಲು ನೋಡಲು ಹೋಗಿದ್ದರು. ಹುಡುಗಿ ಬಂದು ಹೊಸಬಳ ಸೆರಗು ಹಿಡಿದು ಎಳೆದಳು. ಅವಳಾಗಿ ಮುಟ್ಟಿದ್ದು ಅದೇ ಮೊದಲು.

"ನಿನ್ನ ಹತ್ರ ಒಂದು ಕೊಡ್ತೀನಿ. ಇಟ್ಕೋತೀಯಾ?"

"ಏನು?"

"ಬಚ್ಚಿಡಬೇಕು. ನಾನು ದೊಡ್ಡೋಳಾದ ಮೇಲೆ ವಾಪಸ್ ಕೊಡಬೇಕು. ನಾನು ಕೇಳದೆ ಇದ್ರೂ ಕೊಡಬೇಕು. ಆಮೇಲೆ ನಂಗೆ ಕೇಳೋಕೂ ಗೊತ್ತಿರಲ್ಲ."

ಹೊಸಬಳಿಗೆ ಅರ್ಥವಾಯಿತು. ಅನ್ನ ಮಣ್ಣಾಗುವ ಮಾತು ನೆನಪಾಯಿತು. ಅನ್ನಕ್ಕೂ ಮಣ್ಣಿಗೂ ತನಗೆ ಈಗ ಇರುವ ವ್ಯತ್ಯಾಸವೇನು ಎನ್ನಿಸಿತು. ಹೆದರಿಕೆ ಬರಬೇಕಾಗಿತ್ತು, ಬರಲಿಲ್ಲ. ಅವಳು ಮಂಡಿಯೂರಿ ಕಿವಿ ಕೊಟ್ಟಳು. ಹುಡುಗಿ ಎರಡೂ ಕೈಯಿಂದ ಆ ಕಿವಿಯನ್ನು ಗೂಡು ಮಾಡಿ, ಒಳಗೆ ಹೆಸರನ್ನು ಹೇಳಿದಳು. ಬಿಸಿ ಉಸಿರು, ಬೆಲ್ಲದ ವಾಸನೆ. ಚಿಕ್ಕ ಹೆಸರು. ಇಷ್ಟು ದಿನ ಮನೆಯ ಎಲ್ಲ ಮಾತಿನ ನಡುವೆ ತೂತಾಗಿ ಕಾಣುತ್ತಿದ್ದದ್ದು ಇಷ್ಟೇನೇ ಎನ್ನಿಸುವಷ್ಟು ಚಿಕ್ಕದು.

"ಹೇಳು ನೋಡೋಣ," ಎಂದಳು ಹುಡುಗಿ.

ಹೊಸಬಳು ಅವಳ ಕಿವಿಯಲ್ಲಿ ಅದನ್ನೇ ಹೇಳಿದಳು. ಹುಡುಗಿ, ಇಟ್ಟ ವಸ್ತು ಭದ್ರವಾಗಿದೆಯೇ ಎಂದು ನೋಡುವವರ ಹಾಗೆ, ಅವಳ ಬಾಯಿಯನ್ನೇ ಒಂದು ಗಳಿಗೆ ನೋಡಿ ಹೋದಳು.

ತೋಟ ವಾಡೆಯ ಹಿಂದೆ. ಸುತ್ತ ಎತ್ತರದ ಗೋಡೆ. ಗೋಡೆಯಿಂದ ಗೋಡೆಗೆ ಗಿಡಗಳು: ದಾಸವಾಳ, ಕಣಗಿಲೆ, ನಂದಿಬಟ್ಟಲು, ಪಾರಿಜಾತ, ಮರವಾಗಿ ಬೆಳೆದ ಸಂಪಿಗೆಗಳು. ಪ್ರತಿಯೊಂದರ ಬುಡದಲ್ಲೂ ಒಂದು ಹೆಸರು. ಯಾವ ಗಿಡ ಯಾರದು ಎಂಬ ಗುರುತು ಎಲ್ಲಿಯೂ ಇರಲಿಲ್ಲ. ಹೂಗಳು ಯಾರನ್ನೂ ನೋಡದೆ ಅರಳಿದ್ದವು. ಅತ್ತೆ ಸೀರೆ ಎತ್ತಿ ಹಿಡಿದು ಗಿಡಗಳ ನಡುವೆ ನಡೆಯುತ್ತಾ, ಇಲ್ಲಿ ತನ್ನವರೂ ಬಹಳ ಮಂದಿ ಇದ್ದಾರೆ ಎಂದಳು. ಯಾರು ಯಾರು ಎಂದು ಹೊಸಬಳು ಕೇಳಿದಳು. ಅತ್ತೆ ನಿಂತು ಯೋಚಿಸಿದಳು. ಒಂದು ದಾಸವಾಳದ ಎಲೆಯನ್ನು ಮುಟ್ಟಿ ಬಿಟ್ಟಳು, ಪಕ್ಕದ್ದನ್ನು ಮುಟ್ಟಿ ಬಿಟ್ಟಳು. "ಯಾರೋ ಇದ್ದರಮ್ಮ," ಎಂದಳು. "ಚಿಕ್ಕವರೂ ಒಬ್ಬರು ಇದ್ದರು ಅಂತ ಕಾಣುತ್ತೆ. ಎದೆ ಕಟ್ಟಿ ಹಾಲು ಹಿಂಡಿ ಚೆಲ್ಲಿದ್ದು ನೆನಪಿದೆ, ಯಾಕೆ ಚೆಲ್ಲಿದೆ ಅನ್ನೋದು ನೆನಪಿಲ್ಲ." ಹೇಳಿ ಮುಂದೆ ನಡೆದಳು. ಅವಳ ಮುಖದಲ್ಲಿ ಏನೂ ಇರಲಿಲ್ಲ. ಗುಡಿಸಿದ ಅಂಗಳದ ಹಾಗಿತ್ತು.

ತೋಟದವನು ಕಿವುಡ. ಅವನು ಗುದ್ದಲಿಯಿಂದ ಒಂದು ಗುಂಡಿ ತೋಡಿ, ಪಕ್ಕದಲ್ಲಿ ಕಣಗಿಲೆಯ ಕಡ್ಡಿಯೊಂದನ್ನು ಹಿಡಿದು ನಿಂತ. ಅತ್ತೆ ಮೊದಲು ಹೋದಳು. ರೂಢಿ ಇದ್ದವಳು, ಬಾಗಿ, ಹೇಳಿ, ಸೆರಗಿನಿಂದ ಬಾಯೊರೆಸಿಕೊಂಡು ಎದ್ದಳು. ಗಂಡ ಆಮೇಲೆ ಹೋದ. ಅವನು ಗುಂಡಿಗೆ ಮುಖವಿಟ್ಟು ಏಳಲಿಲ್ಲ. ಅವನ ಬೆನ್ನು ಏರಿತು, ಇಳಿಯಿತು, ಏರಿತು. ಗುಂಡಿಯ ಅಂಚನ್ನು ಹಿಡಿದ ಬೆರಳುಗಳು ಮಣ್ಣಿಗೆ ಇಳಿದವು. ಮನೆಯಲ್ಲಿ ಅವನು ಅಷ್ಟು ಮಿಸುಕಿದ್ದನ್ನು ಹೊಸಬಳು ಕಂಡಿರಲಿಲ್ಲ. ತೋಟದವನು ಮುಗಿಲು ನೋಡುತ್ತಾ ನಿಂತಿದ್ದ. ಕೊನೆಗೆ ಬೆನ್ನು ನಿಂತಿತು. ಗಂಡ ಎದ್ದ, ತುಟಿಗೆ ಮಣ್ಣು ಮೆತ್ತಿತ್ತು. ಸುತ್ತ ನೋಡಿ, ಬಿಸಿಲು ಏರಿತಲ್ಲ ಎಂದ. ಆಮೇಲೆ ಹೆಂಡತಿಯ ಕಡೆ ತಿರುಗಿ, ಬುತ್ತಿಗೆ ಏನು ತಂದಿದ್ದೀಯ ಎಂದು ಕೇಳಿದ.

ಹುಡುಗಿ ಗುಂಡಿಯ ಬಳಿ ಹೋಗಿ ಕೂತಳು. ಒಮ್ಮೆ ತಿರುಗಿ ಹೊಸಬಳನ್ನು ನೋಡಿದಳು. ಹೊಸಬಳು ತಲೆದೂಗಿದಳು, ಇದೆ ಎನ್ನುವಂತೆ. ಹುಡುಗಿ ಬಾಗಿ ಹೇಳಿದಳು. ಏಳುವಾಗಲೇ ಅವಳ ಕಣ್ಣು ಒಂದು ಹಳದಿ ಚಿಟ್ಟೆಯ ಹಿಂದೆ ಹೋಯಿತು. ತೋಟದವನು ಕಡ್ಡಿ ಊರಿ, ಮಣ್ಣು ಎಳೆದು, ಹಿಮ್ಮಡಿಯಿಂದ ತುಳಿದು ಗಟ್ಟಿ ಮಾಡಿ, ಮುಂದಿನ ಮನೆಯವರ ಕಡೆ ನಡೆದ.

ಚಿಟ್ಟೆಯ ಹಿಂದೆ ಓಡಿ ಬೆವತು ಬಂದ ಹುಡುಗಿ ಹೊಸಬಳ ಮುಂದೆ ನಿಂತು, "ಅವ್ವಾ, ನೀರು," ಎಂದಳು.

ಸುಲಭವಾಗಿ ಎಂದಳು, ಹುಟ್ಟಿದಾಗಿನಿಂದ ಹಾಗೆಯೇ ಕರೆಯುತ್ತಿದ್ದವಳಂತೆ. ಹೊಸಬಳು ಚೊಂಬು ಕೊಟ್ಟಳು. ಸಂತೆಯಲ್ಲಿ ಯಾರೋ ತಮ್ಮ ಕೂಸನ್ನು ಒಂದು ಗಳಿಗೆ ಹಿಡಿದುಕೊಳ್ಳಿ ಎಂದು ಕೊಟ್ಟು, ತಿರುಗಿ ಬಾರದೆ ಹೋದಂತಾಯಿತು ಅವಳಿಗೆ.

ಸಂಪಿಗೆ ಮರದ ನೆರಳಲ್ಲಿ ಬುತ್ತಿ ಬಿಚ್ಚಿದರು. ಗಂಡ ಅಂದು ಬಹಳ ಮಾತಾಡಿದ. ಮನೆಯ ಮಾಡು ಹೊದಿಸುವ ಮಾತು, ಹೊಸ ಎತ್ತು ತರುವ ಮಾತು. ಅತ್ತೆ ನಕ್ಕಳು. ಹುಡುಗಿ ಕೊಳದ ಮೀನಿಗೆ ಎಸೆಯಲು ರೊಟ್ಟಿ ಮುರಿದು ಉಡಿಯಲ್ಲಿ ತುಂಬಿಕೊಂಡಳು. ಹೊಸಬಳು ಮೊಸರನ್ನ ಕಲಸಿ ಮೊದಲ ತುತ್ತನ್ನು ಬಾಯಲ್ಲಿಟ್ಟು ಕಾದಳು. ಮಣ್ಣಾಗುತ್ತದೆಂದು ಕಾದಳು. ಆಗಲಿಲ್ಲ. ಅಗಿದಳು. ಹುಳಿ ತಿಳಿಯಿತು. ಉಪ್ಪು ತಿಳಿಯಿತು, ಒಂದು ಚೂರು ಕಡಿಮೆಯಾಗಿತ್ತು.

ಅಷ್ಟರಲ್ಲಿ ಗಂಡ ಉಪ್ಪಿನಕಾಯಿ ನೆಕ್ಕಿ, ಇದು ಬಹಳ ಚೆನ್ನಾಗಿದೆ, ಯಾರು ಹಾಕಿದ್ದು ಎಂದು ಕೇಳಿದ.

ಅತ್ತೆ ಒಂದು ಹೋಳು ತೆಗೆದುಕೊಂಡು ಚೀಪಿದಳು. ಹುಬ್ಬು ಗಂಟಾಯಿತು, ಬಿಚ್ಚಿಕೊಂಡಿತು. "ಇವಳೇ ಹಾಕಿರಬೇಕು," ಎಂದಳು ಹೊಸಬಳ ಕಡೆ ನೋಡಿ. "ಮತ್ಯಾರು ಹಾಕ್ತಾರೆ ನಮ್ಮ ಮನೇಲಿ?"

"ಕೈ ಚೆನ್ನಾಗಿದೆ," ಎಂದ ಗಂಡ.

ಹೊಸಬಳು ಎಲೆಯಲ್ಲಿ ಉಳಿದ ಹೋಳುಗಳನ್ನು ನೋಡಿದಳು. ಹೋದ ಬೇಸಿಗೆಯ ಮಾವು. ಇವಳು ಇನ್ನೂ ಹೊಳೆಯಾಚೆ ಇದ್ದಳು ಆಗ. ಯಾವಳೋ ಎತ್ತರದ ಹೆಂಗಸು ಕಾಯಿ ಒರೆಸಿ, ಹೋಳು ಮಾಡಿ, ಮೆಂತ್ಯ ಹುರಿದು, ಬಿಸಿಲಿಗಿಟ್ಟು, ಕಾಗೆ ಓಡಿಸಿ, ಮುಂದಿನ ವರ್ಷಕ್ಕೂ ಆಗಲಿ ಎಂದು ಜಾಡಿ ತುಂಬಿ ತನ್ನ ಕೈಗೆಟುಕುವ ಹಲಗೆಯ ಮೇಲೆ ಇಟ್ಟಿದ್ದಳು. ಈಗ ಇವರ ಪಾಲಿಗೆ ಅವಳು ಅದನ್ನು ಹಾಕಿರಲೇ ಇಲ್ಲ. ಹೊಸಬಳು ಒಂದು ಹೋಳು ಬಾಯಿಗಿಟ್ಟಳು. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ನೆತ್ತಿಗೆ ಹತ್ತಿತೇನೋ ಎಂದು ಅತ್ತೆ ಅವಳ ತಲೆ ತಟ್ಟಿದಳು. ಮದುವೆಯಾಗಿ ಬಂದ ಮೇಲೆ ಅವಳಿಗೆ ನಾಚಿಕೆ ಎಂಬುದು ಆದದ್ದು ಅಂದೇ, ಆ ಗಳಿಗೆಯೇ. ಕಳ್ಳತನ ಮಾಡದೆ ಕದ್ದ ಮಾಲು ಮಡಿಲಿಗೆ ಬಿದ್ದವರ ನಾಚಿಕೆ.

ಹೊತ್ತು ಇಳಿಯಿತು. ಹೊರಡುವ ಮೊದಲು ಅತ್ತೆ ಮರೆಯದೆ ಬಾಗಿಲವಳ ಬಳಿ ಮೊರ ಕೇಳಿ, ಅದರಲ್ಲಿ ಅಕ್ಕಿ ಹರಡಿದಳು. ಮನೆ ಖಾಲಿಯಾಯಿತು, ಇನ್ನು ಸೊಸೆಯನ್ನು ಹೆಸರಿಲ್ಲದೆ ಇಡುವುದು ಸರಿಯಲ್ಲ, ಇಲ್ಲೇ ಬರೆದುಬಿಡೋಣ ಎಂದಳು. ಯಾವ ಹೆಸರು ಎಂಬ ಮಾತು ಬಂತು. ಅತ್ತೆಗೆ ಯಾವುದೂ ತೋಚಲಿಲ್ಲ. ಗಂಡನಿಗೆ ಅಂದು ಎಲ್ಲವೂ ಹಗುರವಾಗಿತ್ತು. ಹೊಸಬಳಿಗೆ ಇಷ್ಟವಾದದ್ದನ್ನೇ ಬರೆಯುತ್ತೇನೆ ಎಂದ. "ನಿನ್ನ ತವರಿನ ಹೆಸರೇ ಬೇಕಾದ್ರೂ ಆಯ್ತು," ಎಂದ.

ತವರಿನ ಹೆಸರು. ಹೊಸಬಳು ಅದನ್ನು ಒಳಗೇ ಒಮ್ಮೆ ಮುಟ್ಟಿ ನೋಡಿದಳು. ಅಪ್ಪ ಹೊಳೆಯ ದಡದಲ್ಲಿ ನಿಂತು, ಕತ್ತಲಾಯ್ತು ಬಾರೇ ಎಂದು ಆ ಹೆಸರು ಹಿಡಿದು ಕೂಗುತ್ತಿದ್ದ. ಯಾರೂ ಕರೆಯದೆ ಕೆಲವೇ ತಿಂಗಳಾಗಿದ್ದರೂ ಅದರ ಅಂಚು ಸವೆದಿತ್ತು, ಹಳೆಯ ನಾಣ್ಯದ ಹಾಗೆ. ಆಗ ಅವಳಿಗೆ ಒಂದು ವಿಷಯ ಹೊಳೆಯಿತು. ಬಚ್ಚಿಟ್ಟ ಹೆಸರು ಉಳಿಯುವುದಿಲ್ಲ. ತನ್ನದೇ ಹೀಗಾದರೆ, ಕೂಸೊಂದು ಕಿವಿಯಲ್ಲಿ ಇಟ್ಟುಹೋದದ್ದು ಆ ಕೂಸು ದೊಡ್ಡದಾಗುವ ತನಕ ಎಲ್ಲಿ ಉಳಿದೀತು? ಹೆಸರು ಉಳಿಯುವುದು ಬಾಯಿಂದ ಬಾಯಿಗೆ, ದಿನಕ್ಕೆ ಹತ್ತು ಸಲ, ಸಿಟ್ಟಿನಲ್ಲಿ, ಅವಸರದಲ್ಲಿ, ಅಂಗಳದಿಂದ ಹಿತ್ತಿಲಿಗೆ ಕೇಳುವ ಹಾಗೆ ಕರೆದರೆ ಮಾತ್ರ.

ಎರಡು ಹೆಸರುಗಳೂ ನಾಲಿಗೆಯ ಮೇಲೆ ಇದ್ದವು. ಬರೆಯಲು ಮೊರ ಒಂದೇ ಇತ್ತು. ಕೊಳದ ಕಡೆಯಿಂದ ಹುಡುಗಿಯ ನಗು ಕೇಳಿಸುತ್ತಿತ್ತು.

"ಹಾಲವ್ವ," ಎಂದಳು ಹೊಸಬಳು.

ಗಾಳಿ ನಿಲ್ಲಲಿಲ್ಲ, ಗಿಡ ಅಲುಗಲಿಲ್ಲ. ಅತ್ತೆ ಅದನ್ನು ಹೊಸ ತಿನಿಸಿನಂತೆ ಬಾಯಲ್ಲಿ ಆಡಿಸಿ ನೋಡಿದಳು, ಹಾಲವ್ವ, ಹಾಲವ್ವ, ಹಳೇ ಕಾಲದ ಹಾಗಿದೆ, ಇರಲಿ, ಕರೆಯೋಕೆ ಚೆನ್ನಾಗಿದೆ ಎಂದಳು. ಗಂಡ ಬೆರಳಿನ ಉಂಗುರದಿಂದ ಅಕ್ಕಿಯಲ್ಲಿ ಬರೆದ. ಕೈ ಎಲ್ಲಿಯೂ ತಡೆಯಲಿಲ್ಲ, ಯೋಚಿಸಲಿಲ್ಲ. ಬಹಳ ಸಲ ಬರೆದ ಕೈಯ ಹಾಗೆ ಸರಾಗವಾಗಿ ಹೋಯಿತು. ಬರೆದಾದ ಮೇಲೆ ಅವನು ತನ್ನ ಬೆರಳನ್ನೇ ಒಂದಷ್ಟು ಹೊತ್ತು ನೋಡಿದ. ಏನಾಯ್ತು ಎಂದು ಅತ್ತೆ ಕೇಳಿದಳು. ಏನಿಲ್ಲ ಎಂದ. ಕಟ್ಟೆಯ ಮೇಲಿದ್ದ ಬಾಗಿಲವಳು ಮೊರದೊಳಗೆ ಇಣುಕಿ, ಹೊಸಬಳ ಮುಖ ನೋಡಿ, ನಗದೆ ಬಾಗಿಲು ತೆಗೆದಳು.

ಗಾಡಿ ಹೂಡಿದ ಮೇಲೆ ಅತ್ತೆ ಒಳಗೆ ಕೂತು ಕೂಗಿದಳು: "ಹಾಲವ್ವಾ, ಚೊಂಬು ಅಲ್ಲೇ ಬಿಟ್ಯಲ್ಲೇ. ಬಾ ಬೇಗ."

"ಬಂದೆ," ಎಂದಳು ಅವಳು.

ಹೀಗೆ ಆ ಊರಿನಲ್ಲಿ ಬಿಟ್ಟ ಹೆಸರೊಂದು ಮನೆಗೆ ಮರಳಿತು, ಯಾರಿಗೂ ತಿಳಿಯದೆ. ಬೆಳಗಾದರೆ ಹಾಲವ್ವ, ಹೊತ್ತು ಮುಳುಗಿದರೆ ಹಾಲವ್ವ. ನೆರೆಯವರು ಬೆಂಕಿ ಕೇಳಲು ಬಂದರೆ ಹಾಲವ್ವ. ಗಂಡ ನಿದ್ದೆಯಲ್ಲಿ ಒಮ್ಮೊಮ್ಮೆ ಬೇರೆಯದೇ ದನಿಯಲ್ಲಿ ಆ ಹೆಸರು ಹಿಡಿದು ಕರೆಯುತ್ತಿದ್ದ. ಅವಳು ಓಗೊಡದೆ ಸುಮ್ಮನೆ ಮಲಗಿರುತ್ತಿದ್ದಳು, ಅದು ತನಗಲ್ಲವೆಂದು. ಹುಡುಗಿ ಬೆಳೆದಳು. ಅತ್ತೆ ಸತ್ತಳು, ಅತ್ತೆಯ ಹೆಸರನ್ನು ಅವರೆಲ್ಲ ವಾಡೆಗೆ ಒಯ್ದು ಬಿಟ್ಟು ಬಂದರು. ಬಿಡುವಾಗ ಹಾಲವ್ವ ಎನಿಸಿಕೊಂಡವಳು ಅತ್ತಳೋ ಇಲ್ಲವೋ, ಈಗ ಅವಳಿಗೆ ತಿಳಿಯದು.

ಹುಡುಗಿಗೆ ದೂರದ ಊರಿನ ಗಂಡು ಗೊತ್ತಾಯಿತು. ಮದುವೆಯ ಅಕ್ಕಿ ಆರಿಸಲು ಇಬ್ಬರೂ ಮಧ್ಯಾಹ್ನ ಜಗಲಿಯ ಮೇಲೆ ಕೂತಿದ್ದರು. ಅವ್ವ ಕಲ್ಲು ಹೆಕ್ಕುತ್ತಾ, ತಲೆ ಎತ್ತದೆ, ಎಲ್ಲವನ್ನೂ ಹೇಳಿದಳು. ಕನ್ನಡಿಯ ಕೋಣೆ, ಕಿವಿಯಲ್ಲಿ ಇಟ್ಟ ಮಾತು, ಅಕ್ಕಿಯ ಮೇಲೆ ಬರೆಸಿದ್ದು. "ಈ ಹೆಸರು ನನ್ನದಲ್ಲ ಮಗಾ. ನಿನ್ನ ಹೆತ್ತವ್ವಂದು. ಇಟ್ಕೋ ಅಂತ ನೀನೇ ಕೊಟ್ಟಿದ್ದೆ. ತಗೋ," ಎಂದಳು.

ಹುಡುಗಿಯ ಕೈ ನಿಂತಿತು. ಅವಳಿಗೆ ಏನೂ ನೆನಪಾಗಲಿಲ್ಲ. ಹೆತ್ತವ್ವ ಹೇಗಿದ್ದಳು ಎಂದು ಕೇಳಿದಳು. ನನಗೂ ಗೊತ್ತಿಲ್ಲ, ಎತ್ತರ ಇದ್ದಳು, ಉಪ್ಪಿನಕಾಯಿ ಹಾಕುವುದರಲ್ಲಿ ಎತ್ತಿದ ಕೈ, ಅಷ್ಟೇ ತಿಳಿದದ್ದು ಎಂದಳು ಅವಳು. ಹುಡುಗಿ ಹಾಲವ್ವ ಎಂದು ಮೆಲ್ಲಗೆ ಹೇಳಿಕೊಂಡಳು, ಅಷ್ಟು ವರ್ಷ ದಿನವೂ ಕೇಳಿದ ಹೆಸರನ್ನು ಮೊದಲ ಸಲ ಕೇಳುವವಳಂತೆ. ಆಮೇಲೆ ತಿರುಗಿದಳು.

"ಹಾಗಾದ್ರೆ ನಿನ್ನ ಹೆಸರೇನವ್ವಾ?"

ಅವಳು ಹೇಳಲೆಂದು ಬಾಯಿ ತೆರೆದಳು. ಹೊಳೆಯ ದಡ ಕಂಡಿತು. ಅಪ್ಪ ನಿಂತಿದ್ದ, ಬಾಯಿಗೆ ಕೈ ಅಡ್ಡ ಹಿಡಿದು ಕೂಗುತ್ತಿದ್ದ, ಕುತ್ತಿಗೆಯ ನರ ಉಬ್ಬಿದ್ದು ಕೂಡ ಕಂಡಿತು. ಸದ್ದು ಮಾತ್ರ ಇರಲಿಲ್ಲ. ಅವಳು ಬಾಯಿ ಮುಚ್ಚಿದಳು. ನೆನಪಿಲ್ಲ ಮಗಾ ಎಂದಳು. ಹೇಳುವಾಗ ದನಿಯಲ್ಲಿ ಏರಿಳಿತ ಇರಲಿಲ್ಲ. ಮತ್ತೆ ಅಕ್ಕಿಗೆ ಕೈ ಹಾಕಿದಳು.

ಹುಡುಗಿ ಮೊರವನ್ನು ಪಕ್ಕಕ್ಕೆ ಸರಿಸಿದಳು. ಅವಳ ಎದುರು ಚಕ್ಕಳಮಕ್ಕಳ ಹಾಕಿ ಕೂತು, ಎರಡೂ ಕೈ ಹಿಡಿದುಕೊಂಡು, ಗೊತ್ತಿದ್ದ ಹೆಸರುಗಳನ್ನೆಲ್ಲ ಒಂದೊಂದಾಗಿ ಹೇಳತೊಡಗಿದಳು. ಬಸವ್ವ? ಅ‌ಲ್ಲ. ಹೊನ್ನವ್ವ? ಅಲ್ಲ. ಸಂಕವ್ವ, ಕೆಂಚವ್ವ, ನಿಂಬವ್ವ? ಅವಳು ತಲೆ ಅಲ್ಲಾಡಿಸುತ್ತಾ ಹೋದಳು. ಊರವರ ಹೆಸರು ಮುಗಿದವು, ದೇವತೆಗಳ ಹೆಸರು ಮುಗಿದವು. ಹೂವಿನ ಹೆಸರು, ಹೊಳೆಗಳ ಹೆಸರು, ತಾರೆಗಳ ಹೆಸರು. ಬಿಸಿಲು ಜಗಲಿಯಿಂದ ಅಂಗಳಕ್ಕೆ ಇಳಿಯಿತು, ಗುಬ್ಬಿಗಳು ಬಂದು ಮೊರದ ಅಕ್ಕಿಗೆ ಬಾಯಿ ಹಾಕಿದವು. ಇಬ್ಬರೂ ಓಡಿಸಲಿಲ್ಲ. ಹುಡುಗಿ ಹೇಳುತ್ತಲೇ ಇದ್ದಳು, ಅವಳು ತಲೆ ಅಲ್ಲಾಡಿಸುತ್ತಲೇ ಇದ್ದಳು.

ಒಂದು ಹೆಸರಿಗೆ ಅವಳು ತಲೆ ಅಲ್ಲಾಡಿಸಲಿಲ್ಲ.

ಹುಡುಗಿ ಅದನ್ನೇ ಇನ್ನೊಮ್ಮೆ ಹೇಳಿದಳು.